ಖರ್ಚಿಗೆ ಇಟ್ಕೋ

ಹದಿನಾಲ್ಕು ವರ್ಷ ಒಬ್ಬ ರೌಡಿ ಅಣ್ಣನ ಹುಡುಗನಾಗಿದ್ದೆ. ಅಷ್ಟೂ ವರ್ಷದಲ್ಲಿ ‘ಸಂಬಳ’ ಅನ್ನುವ ಮಾತು ಒಂದು ಸಲವೂ ಯಾರ ಬಾಯಲ್ಲೂ ಬರಲಿಲ್ಲ. ಅಣ್ಣ ಅಂಗಿ ಜೇಬಿಗೆ ಕೈ ಹಾಕಿ, ಎಣಿಸದೆ, ಮಡಿಚಿದ ನೋಟು ತೆಗೆದು ಅಂಗೈಗೆ ತುರುಕುತ್ತಿದ್ದರು. “ಖರ್ಚಿಗೆ ಇಟ್ಕೋ.” ಎದುರಿಗೇ ಬಿಚ್ಚಿ ನೋಡುವ ಹಾಗಿಲ್ಲ, ನೋಡಿದರೆ ಅವರಿಗೆ ಅವಮಾನ. ಗಲ್ಲಿ ತಿರುಗಿದ ಮೇಲೆ ನೋಡಬೇಕು. ನೂರಿದ್ದರೆ ಅವತ್ತು ಅಣ್ಣನ ಮನಸ್ಸು ಸರಿಯಿಲ್ಲ, ಐನೂರಿದ್ದರೆ ಯಾವುದೋ ಡೀಲು ಕುದುರಿದೆ.

ಬೆಂಗಳೂರಿನ ರೌಡಿಗಳ ಬಗ್ಗೆ ಮಾತಾಡಿದವರೆಲ್ಲ ಮೇಲಿನವರು, ಇಲ್ಲವೇ ಮೇಲಿನವರನ್ನು ಹಿಡಿದ ಪೊಲೀಸರು. ನಾನು ಕೆಳಗಿನವನು. ನನಗೊಂದು ಅಡ್ಡಹೆಸರೂ ಇರಲಿಲ್ಲ. ಪೇಪರಿನಲ್ಲಿ ಸುದ್ದಿ ಬಂದಾಗ ಕೊನೆಗೆ ‘ಹಾಗೂ ಇತರ ನಾಲ್ವರು’ ಅಂತ ಇರುತ್ತದಲ್ಲ, ಆ ನಾಲ್ವರಲ್ಲಿ ಒಬ್ಬ.

ಅಪ್ಪ ಮಾಗಡಿ ರಸ್ತೆ ಕಡೆಯ ಒಂದು ಬಟ್ಟೆ ಮಿಲ್ಲಿನಲ್ಲಿದ್ದರು. ಮಿಲ್ಲು ಒಂದು ತಿಂಗಳು ಓಡಿ ಎರಡು ತಿಂಗಳು ನಿಂತು, ಹೀಗೇ ಎಳೆದಾಡಿ ಒಂದು ದಿನ ಪೂರ್ತಿ ನಿಂತುಹೋಯಿತು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷು ಎರಡರಲ್ಲೂ ಡುಮ್ಕಿ. 1998ರಲ್ಲಿ, ಹದಿನೆಂಟು ತುಂಬಿದಾಗ, ಕೇಬಲ್ ಟೀವಿಯವರ ಹತ್ತಿರ ವೈರ್ ಎಳೆಯುವ ಹುಡುಗನಾಗಿ ಸೇರಿಕೊಂಡೆ. ಆಗ ಗಲ್ಲಿಗೊಬ್ಬ ಆಪರೇಟರ್. ಮಹಡಿ ಮೇಲೊಂದು ಡಿಷ್ಷು, ಮನೆಯಿಂದ ಮನೆಗೆ ಕಪ್ಪು ವೈರು, ತಿಂಗಳಿಗೆ ಮನೆಗೆ ನೂರೋ ನೂರಿಪ್ಪತ್ತೋ. ಸಾವಿರ ಮನೆ ಇದ್ದರೆ ಲಕ್ಷದ ಮೇಲೆ ನಗದು. ಯಾರ ಏರಿಯಾ ಎಲ್ಲಿಗೆ ಮುಗಿಯುತ್ತದೆ ಅಂತ ಯಾವ ಸರ್ಕಾರವೂ ಗೆರೆ ಎಳೆದು ಕೊಟ್ಟಿರಲಿಲ್ಲ. ಗೆರೆ ಎಳೆಯುವುದಕ್ಕೆ ಅಣ್ಣ ಬೇಕಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಆಪರೇಟರ್ ನನ್ನನ್ನು ಅಣ್ಣನ ಹತ್ತಿರ ಕರೆದುಕೊಂಡು ಹೋದ. ಅಣ್ಣ ಬನಿಯನ್ನಿನಲ್ಲಿ ಕೂತು ದೋಸೆ ತಿನ್ನುತ್ತಿದ್ದರು. “ಮೇಲೆ ಹತ್ತಕ್ಕೆ ಬರ್ತದೇನೋ?” ಅಂದರು. ಬರ್ತದಣ್ಣ ಅಂದೆ. ಸಂಜೆ ಸಿನಿಮಾ ಶುರುವಾಗುವ ಹೊತ್ತಿಗೆ ಸರಿಯಾಗಿ, ಚರಂಡಿಯಾಚೆ ಬೀದಿಯ ಕಂಬ ಹತ್ತಿ, ಕಟಿಂಗ್ ಪ್ಲೇಯರ್‌ನಿಂದ ಎದುರು ಪಾರ್ಟಿಯ ಮೇನ್ ಕೇಬಲ್ ಕತ್ತರಿಸಿ ಬಂದೆ. ನಾನೂರು ಮನೆಯ ಟೀವಿ ಒಟ್ಟಿಗೆ ಗುಂಯ್ ಅಂದವು. ಜನ ಮನೆಯಿಂದ ಆಚೆ ಬಂದು ಆಕಾಶ ನೋಡಿದರು. ಬೆಳಿಗ್ಗೆ ಮೊದಲ ಸಲ ಆ ಮಾತು ಕೇಳಿದೆ, ಖರ್ಚಿಗೆ ಇಟ್ಕೋ. ಇನ್ನೂರು ರೂಪಾಯಿ. ನನ್ನ ಹತ್ತು ದಿನದ ಕೂಲಿ. ಇದನ್ನು ತಪ್ಪು ಅಂತ ನನಗಾಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

“ನೀನು ನನ್ನ ತಮ್ಮ ಇದ್ದಂಗೆ ಕಣೋ.” ಇದು ಎರಡನೆಯ ಮಾತು. ಆಮೇಲೆ ತಿಳಿಯಿತು, ಎಲ್ಲ ಹುಡುಗರಿಗೂ ಇದೇ ಮಾತು. ಸಂಬಳದ ಬದಲು ಕೊಡುವುದು ಇದನ್ನೇ. ತಮ್ಮ ಅಂದ ಮೇಲೆ ಅವರ ಹೆಂಡತಿ ಅತ್ತಿಗೆ, ಅವರ ಮಕ್ಕಳನ್ನು ಸ್ಕೂಲಿಗೆ ಬಿಡುವುದು ನಾನು, ಗ್ಯಾಸ್ ಸಿಲಿಂಡರ್ ಹೊರುವುದು ನಾನು, ಕರೆಂಟ್ ಬಿಲ್ಲಿನ ಕ್ಯೂನಲ್ಲಿ ನಿಲ್ಲುವುದು ನಾನು. ಭಾನುವಾರ ಬೆಳಿಗ್ಗೆ ಆರಕ್ಕೆ ಮಟನ್ ಅಂಗಡಿಯ ಮುಂದೆ. “ತೊಡೆ ಕಡೇದೇ ಹಾಕಿಸ್ಕೋ, ಚರ್ಬಿ ಜಾಸ್ತಿ ಬಂದ್ರೆ ನಿಮ್ಮಣ್ಣ ತಿನ್ನಲ್ಲ” ಅಂತ ಅತ್ತಿಗೆ ಹೇಳಿ ಕಳಿಸುತ್ತಿದ್ದರು. ಮಚ್ಚು ಹಿಡಿದ ದಿನಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಮಟನ್ ತಂದ ದಿನಗಳನ್ನು ಎಣಿಸಲಾರೆ. ಮಿಕ್ಕ ಹೊತ್ತೆಲ್ಲ ಕಾಯುವುದು. ಅಣ್ಣ ಒಳಗೆ ಮಾತಾಡುತ್ತಿದ್ದರೆ ಹೊರಗೆ ಗಾಡಿಗೆ ಒರಗಿ ಕಾಯಬೇಕು, ಟೀ ಕುಡಿಯಬೇಕು, ಬೀದಿಯ ಎರಡೂ ತುದಿ ನೋಡುತ್ತಿರಬೇಕು.

ಕಾಯುವಾಗ ಹಳೇ ರೌಡಿಗಳ ಕಥೆಗಳು. 1986ರಲ್ಲಿ ಕೊಲೆಯಾದ ಕೊತ್ವಾಲ್ ರಾಮಚಂದ್ರ, 1989ರಲ್ಲಿ ಲಾಲ್‌ಬಾಗ್ ಹತ್ತಿರ ಗುಂಡಿಗೆ ಬಲಿಯಾದ ಎಂ.ಪಿ. ಜಯರಾಜ್. ಇವರನ್ನು ಕಣ್ಣಲ್ಲಿ ಕಾಣದ ನಾವು, ಪಕ್ಕದಲ್ಲೇ ಇದ್ದವರ ಹಾಗೆ ಮಾತಾಡುತ್ತಿದ್ದೆವು. 2002ರಲ್ಲಿ ಭೂಗತ ದೊರೆ ಮುತ್ತಪ್ಪ ರೈ ಅವರನ್ನು ದುಬೈಯಿಂದ ಕರೆತಂದಾಗ ನಮ್ಮ ಅಡ್ಡದಲ್ಲಿ ಪೇಪರು ಕೈಯಿಂದ ಕೈಗೆ ಓಡಾಡಿ ಹರಿದೇ ಹೋಯಿತು. ಆ ಕಥೆಗಳಲ್ಲೂ ಗಾಡಿ ಹಿಡಿದು ಹೊರಗೆ ಕಾದವನೊಬ್ಬ ಇದ್ದೇ ಇರುತ್ತಿದ್ದ. ಅವನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಕೇಬಲ್ಲಿನಿಂದ ನನ್ನನ್ನು ಬಡ್ಡಿಗೆ ಹಾಕಿದರು. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್. ಹೂವು, ಸೊಪ್ಪು, ನಿಂಬೆಹಣ್ಣು ಮಾರುವವರಿಗೆ ಬೆಳಿಗ್ಗೆ 900 ಕೊಟ್ಟು ಸಂಜೆ 1000 ತೆಗೆದುಕೊಳ್ಳುವುದು. ನೂರಕ್ಕೆ ಹನ್ನೊಂದು ರೂಪಾಯಿ ಚಿಲ್ಲರೆ, ಅದೂ ಒಂದು ಹಗಲಿಗೆ. ತಪ್ಪಿದರೆ ಮೀಟರು ಓಡುತ್ತಲೇ ಇರುತ್ತದೆ, ಆಟೋದ ಹಾಗೆ. 2004ರಲ್ಲಿ ಅತಿಯಾದ ಬಡ್ಡಿ ತಡೆಯುವ ಕಾಯ್ದೆ ಬಂತು. ನಮಗೆ ಅದು ತಲುಪಿದ್ದು ಹೀಗೆ: “ಇನ್ಮೇಲೆ ಪುಸ್ತಕ ಇಟ್ಕೋಬೇಡ, ತಲೇಲೇ ಇಟ್ಕೋ.” ಗಣಿತದಲ್ಲಿ ಡುಮ್ಕಿ ಹೊಡೆದವನು ಅರವತ್ತು ಜನರ ಲೆಕ್ಕ ತಲೆಯಲ್ಲಿ ಇಟ್ಟುಕೊಂಡಿದ್ದೆ.

ಕನಕಾಂಬರ ಮಾರುವ ಒಬ್ಬ ಅಜ್ಜಿ ಇದ್ದರು. “ಬಾಪ್ಪ ಮಗ” ಅನ್ನುತ್ತಾ ಸೆರಗಿನ ಗಂಟು ಬಿಚ್ಚಿ ಕೊಡೋರು. ಆಷಾಢದಲ್ಲೊಂದು ದಿನ ಇಡೀ ಮಳೆ. ಹೂವೆಲ್ಲ ಹಾಗೇ ಉಳಿದಿತ್ತು. ನಾನು ಹೊಡೆಯಲಿಲ್ಲ, ಬೈಯಲಿಲ್ಲ, ಕೇಳಲೂ ಇಲ್ಲ. ಛತ್ರಿ ಹಿಡಿದು ಸುಮ್ಮನೆ ನಿಂತಿದ್ದೆ. ಸುಮ್ಮನೆ ನಿಲ್ಲುವುದೇ ನನ್ನ ಕೆಲಸ. ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕಿವಿಯ ಓಲೆ ಕಳಚಿ ಕೈಗಿಟ್ಟರು. ಇಸ್ಕೊಂಡೆ. ‘ಬಾಪ್ಪ ಮಗ’ ಅಂದದ್ದು ಪ್ರೀತಿಗೆ ಅಂತ ನಾನು ಎರಡು ವರ್ಷ ನಂಬಿದ್ದೆ.

ಇದರ ನಡುವೆಯೇ, 2003ರಲ್ಲಿ, ನನ್ನ ಮೊದಲ ಕೇಸು. ಫೀಲ್ಡಿನಲ್ಲಿ ಅದಕ್ಕೆ ‘ಹಾಫ್ ಮರ್ಡರ್’ ಅನ್ನುತ್ತಾರೆ. ಆಗಿನ ಐಪಿಸಿ 307, ಕೊಲೆ ಯತ್ನ. ಒಬ್ಬ ಫೈನಾನ್ಸಿನವನಿಗೂ ಅಣ್ಣನಿಗೂ ಯಾವುದೋ ಹಳೆಯ ಲೆಕ್ಕ. ಲಾಂಗು, ಅಂದರೆ ಉದ್ದನೆಯ ಮಚ್ಚು, ಬೀಸಿದವರು ಇಬ್ಬರು, ನಾನು ಆರ್‌ಎಕ್ಸ್ 100 ಸ್ಟಾರ್ಟ್ ಮಾಡಿಕೊಂಡು ರಸ್ತೆಯಾಚೆ ನಿಂತವನು. ಒಂದು ನಿಮಿಷವೂ ಆಗಲಿಲ್ಲ. ಆ ಶಬ್ದ ಈಗಲೂ ಎಳನೀರು ಕೆತ್ತುವಾಗ ಕೇಳಿಸುತ್ತದೆ. ಎಳನೀರು ಕುಡಿಯುವುದನ್ನು ಬಿಟ್ಟಿದ್ದೇನೆ.

ಒಂಬತ್ತು ದಿನ ಕುಣಿಗಲ್ ಕಡೆ ಒಂದು ತೋಟದಲ್ಲಿ ಅಡಗಿದ್ದೆವು. ಹತ್ತನೆಯ ದಿನ ಲಾಯರ್ ಜೊತೆ ಅಣ್ಣನ ಬಲಗೈ ಬಂದ. ಯಾರು ಯಾರು ಸರೆಂಡರ್ ಆಗಬೇಕು ಅನ್ನುವುದು ಆಗಲೇ ತೀರ್ಮಾನವಾಗಿತ್ತು. ಲಾಂಗು ಬೀಸಿದ ಇಬ್ಬರಲ್ಲಿ ಒಬ್ಬ ಅತ್ತಿಗೆ ಕಡೆಯ ಸಂಬಂಧ, ಅವನ ಹೆಸರು ಇರಲಿಲ್ಲ. ನನಗೆ ಹೇಳಿದ್ದು: “ನೀನು ಹೋಗು. ನಿನ್ ಮೇಲೆ ಯಾವ ಕೇಸೂ ಇಲ್ಲ, ಬೇಗ ಬೇಲಾಗ್ತದೆ.” ಅಷ್ಟು ವರ್ಷ ಕೇಸಿಲ್ಲದೆ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು. ಮನೆಗೆ ತಿಂಗಳಿಗೆ ಎರಡು ಸಾವಿರ ಕಳಿಸುತ್ತೇವೆ ಅಂದರು. ಮೊದಲ ತಿಂಗಳು ಎರಡು ಸಾವಿರ ಬಂತು. ಎರಡನೆಯ ತಿಂಗಳು ಒಂದು ಸಾವಿರ. ಮೂರನೆಯ ತಿಂಗಳು ‘ಅಣ್ಣ ಊರಲ್ಲಿಲ್ಲ’ ಅನ್ನುವ ಮಾತು ಬಂತು.

ಜೈಲಿನ ಬಗ್ಗೆ ಹೇಳುವುದು ಕಡಿಮೆ. ಅಲ್ಲಿ ಹೊತ್ತು ಹೋಗುವುದಿಲ್ಲ, ಅಷ್ಟೆ. ಅಪ್ಪನ ಕಾಲದಲ್ಲಿ ಸೆಂಟ್ರಲ್ ಜೈಲು ಶೇಷಾದ್ರಿ ರಸ್ತೆಯಲ್ಲಿ, ಊರ ಮಧ್ಯೆಯೇ ಇತ್ತು. ಅದನ್ನು ಈಗ ಫ್ರೀಡಂ ಪಾರ್ಕ್ ಮಾಡಿದ್ದಾರೆ. ನಾನು ಹೋಗುವಷ್ಟರಲ್ಲಿ ಪರಪ್ಪನ ಅಗ್ರಹಾರಕ್ಕೆ ಬಂದಿತ್ತು. ಅಮ್ಮ ಎರಡು ಬಸ್ಸು ಬದಲಿಸಿ ಮೂರು ಸಲ ಇಂಟರ್‌ವ್ಯೂಗೆ, ಅಂದರೆ ನನ್ನನ್ನು ನೋಡೋಕೆ, ಬಂದಳು. ಮೂರೂ ಸಲ ಒಂದೇ ಪ್ರಶ್ನೆ, “ಮುದ್ದೆ ಬೆಂದಿರ್ತದಾ?” ಬೆಂದಿರ್ತದಮ್ಮ ಅಂದೆ. ತೊಂಬತ್ತನಾಲ್ಕು ದಿನ.

ಜಾಮೀನಿಗೆ ಶ್ಯೂರಿಟಿ ಬೇಕು. ಅಣ್ಣನ ಕಡೆಯಿಂದ ಬರಬೇಕಾದವರು ಬರಲಿಲ್ಲ. ಕೊನೆಗೆ ಅಮ್ಮನ ತಮ್ಮ, ನನ್ನ ಸೋದರಮಾವ, ಊರಿಂದ ಒಂದೂವರೆ ಎಕರೆ ರಾಗಿ ಹೊಲದ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬಂದರು. ಜಡ್ಜು “ಇವನು ಓಡಿಹೋದರೆ ನಿಮ್ಮ ಜಮೀನು ಹೋಗುತ್ತೆ, ಗೊತ್ತಾ?” ಅಂದಾಗ ಮಾವ ತಲೆಯ ಟವಲು ತೆಗೆದು “ಗೊತ್ತು ಸೋಮಿ” ಅಂದರು. ಹೊರಗೆ ಬಂದ ಮೇಲೆ ಒಂದು ಮಾತೂ ಬೈಯಲಿಲ್ಲ. ಬಸ್ ಚಾರ್ಜಿಗೆ ಮೂವತ್ತು ರೂಪಾಯಿ ಕಮ್ಮಿ ಇದೆ, ಇದ್ರೆ ಕೊಡು ಅಂದರು. ನನ್ನ ಹತ್ತಿರ ಇರಲಿಲ್ಲ.

ಬೇಲ್ ಷರತ್ತಿನ ಸಹಿ ಹಾಕೋಕೆ ಠಾಣೆಗೆ ಹೋದ ಮೊದಲ ದಿನ, ದಫೇದಾರರು ಗೋಡೆಗೆ ನಿಲ್ಲಿಸಿ ಮೂರು ಫೋಟೋ ಹೊಡೆಸಿದರು. ಎದುರು, ಎಡ, ಬಲ. ಮಚ್ಚೆ ಎಲ್ಲಿದೆ, ಹೆಂಡತಿ ಇದಾಳಾ, ಸಂಬಂಧಿಕರು ಯಾರು, ಯಾವ ಬಾರಿಗೆ ಹೋಗ್ತೀಯ. ಎಲ್ಲ ಬರೆದುಕೊಂಡರು. “ನಿಂದು ಓಪನ್ ಆಯ್ತು ಕಣೋ” ಅಂದರು. ಬ್ಯಾಂಕ್ ಅಕೌಂಟ್ ಓಪನ್ ಆದ ಹಾಗೆ. ಅದು ರೌಡಿ ಶೀಟು. ಪೊಲೀಸ್ ಮ್ಯಾನ್ಯುಯಲ್ಲಿನ 1059ನೇ ಆದೇಶದಲ್ಲಿ ಅದರ ವಿಚಾರ ಇದೆ ಅಂತ ನನಗೆ ಗೊತ್ತಾಗಿದ್ದು ಸುಮಾರು ಇಪ್ಪತ್ತು ವರ್ಷದ ಮೇಲೆ. ಕೋರ್ಟು ನನ್ನನ್ನು ಅಪರಾಧಿ ಅಂದಿರಲಿಲ್ಲ. ಆ ಶೀಟಿಗೆ ಕೋರ್ಟು ಬೇಕಾಗಿಯೂ ಇಲ್ಲ, ಮೇಲಧಿಕಾರಿಯ ಒಪ್ಪಿಗೆ ಸಾಕು.

ಇಷ್ಟಾದ ಮೇಲೂ ಯಾಕೆ ಬಿಡಲಿಲ್ಲ ಅಂತ ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಕೇಸಿರುವವನಿಗೆ ಯಾರು ಕೆಲಸ ಕೊಡುತ್ತಾರೆ ಅನ್ನುವುದು ಒಂದು ಉತ್ತರ. ನಿಜವಾದ ಉತ್ತರ ಬೇರೆ. ಜೈಲಿಂದ ಬಂದ ದಿನ ಅಡ್ಡದಲ್ಲಿ ಹೊಸ ಹುಡುಗರು ಎದ್ದು ನಿಂತು ಕುರ್ಚಿ ಕೊಟ್ಟರು. ಜೀವನದಲ್ಲಿ ಮೊದಲ ಸಲ ಯಾರೋ ನನಗೆ ಕುರ್ಚಿ ಕೊಟ್ಟಿದ್ದು. ಆ ಕುರ್ಚಿಯಲ್ಲಿ ಇನ್ನೂ ಒಂಬತ್ತು ವರ್ಷ ಕೂತೆ.

ಆ ಹೊತ್ತಿಗೆ ಬೆಂಗಳೂರಿನ ದುಡ್ಡು ಮಣ್ಣಿಗೆ ತಿರುಗಿತ್ತು. ದೇವನಹಳ್ಳಿ ಏರ್‌ಪೋರ್ಟ್ ತೆರೆದದ್ದು 2008ರ ಮೇನಲ್ಲಿ. ಅದಕ್ಕೆ ಮೂರ್ನಾಲ್ಕು ವರ್ಷ ಮುಂಚೆಯಿಂದಲೇ ಉತ್ತರದ ಕಡೆ ಒಂದೊಂದು ಗುಂಟೆಗೂ ಇಬ್ಬಿಬ್ಬರು ಮಾಲೀಕರು ಹುಟ್ಟಿಕೊಂಡರು. ಅಪ್ಪ ಜಿಪಿಎ, ಅಂದರೆ ಅಧಿಕಾರಪತ್ರದ, ಮೇಲೆ ಒಬ್ಬನಿಗೆ ಕೊಟ್ಟಿರುತ್ತಾನೆ, ಅಪ್ಪ ಸತ್ತ ಮೇಲೆ ಮಕ್ಕಳು ಇನ್ನೊಬ್ಬನಿಗೆ ಅಗ್ರಿಮೆಂಟು ಮಾಡಿರುತ್ತಾರೆ. ಸಿವಿಲ್ ಕೋರ್ಟಿಗೆ ಹೋದರೆ ದಾವೆ ಹೂಡಿದವನ ಮೊಮ್ಮಗನಿಗೆ ತೀರ್ಪು. ಅಣ್ಣನ ಹತ್ತಿರ ಬಂದರೆ ಎರಡು ತಿಂಗಳು. ನಮ್ಮ ಹತ್ತಿರ ಬರುತ್ತಿದ್ದವರು ಕಳ್ಳಕಾಕರಲ್ಲ. ಇಸ್ತ್ರಿ ಅಂಗಿ ಹಾಕಿದ, ಮಗ ಅಮೆರಿಕದಲ್ಲಿರುವ ಗೌರವಸ್ಥರು. ಅವರು ಅಣ್ಣನನ್ನು ‘ಸರ್’ ಅನ್ನುತ್ತಿದ್ದರು, ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತ ಮೇಲೆ, ಸಾರಾಯಿ ಕಂಟ್ರಾಕ್ಟಿನ ನೆರಳಿನಲ್ಲಿದ್ದ ಹುಡುಗರೂ ಇದೇ ಕೆಲಸಕ್ಕೆ ಬಂದರು.

ಈ ಕೆಲಸದಲ್ಲಿ ಕೆಳಗಿನವನ ಪಾಲು ಅಂದರೆ ಜಾಗ ಕಾಯುವುದು. ಬಾಗಲೂರು ಕಡೆ ಎರಡು ಎಕರೆ. ರಾತ್ರೋರಾತ್ರಿ ಕಲ್ಲುಕಂಬ ನೆಟ್ಟು, ತಂತಿ ಎಳೆದು, ‘ಈ ಸ್ವತ್ತು ಇಂಥವರಿಗೆ ಸೇರಿದ್ದು’ ಅಂತ ಬೋರ್ಡು ಹಾಕಿ, ನಾಲ್ಕು ತಗಡಿನ ಶೆಡ್ಡು ಎಬ್ಬಿಸಿ, ಒಳಗೆ ನನ್ನನ್ನೂ ಇನ್ನೊಬ್ಬನನ್ನೂ ಬಿಟ್ಟು ಹೋದರು. ಬೋರ್ಡು ಕೀಳಬಹುದು, ತಂತಿ ಕತ್ತರಿಸಬಹುದು. ಅದಕ್ಕೆ ಅಣ್ಣನ ಬಲಗೈ ಒಂದು ಉಪಾಯ ಹೇಳಿಕೊಟ್ಟ. ಹೊಲದ ಮೂಲೆಯಲ್ಲಿದ್ದ ಒಂದು ಗುಂಡುಕಲ್ಲು ತೊಳೆದು, ಅರಿಶಿನ ಕುಂಕುಮ ಬಳಿದು, ಮೂರು ನಿಂಬೆಹಣ್ಣು ಕುಯ್ದಿಟ್ಟೆವು. ಮುನೇಶ್ವರ. ಜೆಸಿಬಿಯವನು ಯಾವ ಮಾಲೀಕನ ಮಾತನ್ನೂ ಕೇಳುತ್ತಾನೆ, ಮುನೇಶ್ವರನ ಮೇಲೆ ಮಾತ್ರ ಗಾಡಿ ಹತ್ತಿಸುವುದಿಲ್ಲ.

ನಾನು ಪೂಜಾರಿ. ದಿನಾ ಬೆಳಿಗ್ಗೆ ಮಿಂದು ಒಂದು ಊದುಬತ್ತಿ. ಮೊದಮೊದಲು ನಗುತ್ತಲೇ ಹಚ್ಚುತ್ತಿದ್ದೆ. ಇಪ್ಪತ್ತನೆಯ ದಿನದ ಹೊತ್ತಿಗೆ ಪಕ್ಕದ ಹಳ್ಳಿಯ ಹೆಂಗಸರು ಬಂದು ಹರಕೆ ಕಟ್ಟಿಕೊಳ್ಳೋಕೆ ಶುರುಮಾಡಿದರು. ಒಬ್ಬರಿಗೆ ಕಳೆದುಹೋದ ಎಮ್ಮೆ ಸಿಕ್ಕಿತಂತೆ, ಕೋಳಿ ತಂದು ಕುಯ್ದರು. ನಾವಿಬ್ಬರೂ ಅವತ್ತು ಹೊಟ್ಟೆ ತುಂಬ ಉಂಡೆವು. ರಾತ್ರಿ ಹೊತ್ತು ಮಾತ್ರ ನಿದ್ದೆ ಬರುತ್ತಿರಲಿಲ್ಲ. ತಗಡಿನ ಮೇಲೆ ಬೆಕ್ಕು ಓಡಿದರೂ ಲಾಂಗು ತಡಕಾಡುವುದು. ಜೊತೆಗಿದ್ದವನು ಪಂಕ್ಚರ್ ಹಾಕುವ ಕೆಲಸ ಬಿಟ್ಟು ಬಂದ ಹುಡುಗ, ಕತ್ತಲೆಗೆ ಹೆದರುತ್ತಿದ್ದ. ರೇಡಿಯೋ ಹಾಕಿಕೊಂಡೇ ಮಲಗುತ್ತಿದ್ದ. ನಲವತ್ತೇಳು ರಾತ್ರಿ. ನಲವತ್ತೆಂಟನೆಯ ಬೆಳಿಗ್ಗೆ ಅಣ್ಣನ ಕಡೆಯವರು ಬಂದು “ಸೆಟಲ್ ಆಯ್ತು, ನಡೀರಿ” ಅಂದರು. ಅಣ್ಣನಿಗೆ ಇಪ್ಪತ್ತೆರಡು ಲಕ್ಷ ಬಂತು ಅಂತ ಆಮೇಲೆ ಗೊತ್ತಾಯಿತು. ನನಗೆ ಮೂರು ಸಾವಿರ ಮತ್ತು ಒಂದು ಜೊತೆ ಶೂಸು. ಶೂಸು ಒಂದು ಸೈಜು ಚಿಕ್ಕದು.

2019ರಲ್ಲಿ ಲೋಡ್ ಹಾಕಿಕೊಂಡು ಆ ಕಡೆ ಹೋಗಿದ್ದೆ. ಅಲ್ಲಿ ಹದಿಮೂರು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದಿದೆ. ಕಾಂಪೌಂಡಿನ ಮೂಲೆಯಲ್ಲಿ ಗ್ರಾನೈಟ್ ಹಾಕಿಸಿದ ಪುಟ್ಟ ಗುಡಿ, ಕಬ್ಬಿಣದ ಗ್ರಿಲ್ಲು, ಬೀಗ. ನನ್ನ ಮುನೇಶ್ವರ ಒಳಗೆ ಬೆಳ್ಳಿ ಮುಖವಾಡ ಹಾಕಿಕೊಂಡು ಕೂತಿದ್ದಾನೆ. ಸೆಕ್ಯೂರಿಟಿಯವನು “ಏನ್ ಬೇಕು?” ಅಂತ ಗದರಿದ. ಏನೂ ಇಲ್ಲ, ಕೈಮುಗೀತೀನಿ ಅಂದೆ.

2009ರ ಕೇಸಿನ ಬಗ್ಗೆ ಒಂದಿಷ್ಟು ಹೇಳಲೇಬೇಕು, ಯಾಕೆಂದರೆ ಶೀಟಿರುವ ಬಹಳ ಜನರ ಫೈಲಿನಲ್ಲಿ ಇದೊಂದು ಇದ್ದೇ ಇರುತ್ತದೆ. ಐಪಿಸಿ 399, 402. ದರೋಡೆಗೆ ಸಿದ್ಧತೆ, ದರೋಡೆಗೆಂದು ಗುಂಪು ಸೇರುವುದು. ನನ್ನನ್ನು ಮಧ್ಯಾಹ್ನ ಎರಡು ಗಂಟೆಗೆ ಮನೆಯಿಂದ, ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ಪಂಚನಾಮೆಯಲ್ಲಿ ಇದ್ದದ್ದು: ರಾತ್ರಿ ಹನ್ನೊಂದೂವರೆ, ಪಾರ್ಕಿನ ಹಿಂದೆ, ಐದು ಜನ, ಎರಡು ಲಾಂಗು, ಒಂದು ಕಬ್ಬಿಣದ ರಾಡು, ನೈಲಾನ್ ಹಗ್ಗ, ಖಾರದ ಪುಡಿ ಪೊಟ್ಟಣ. ಆ ಐವರಲ್ಲಿ ಇಬ್ಬರ ಮುಖ ನಾನು ನೋಡಿದ್ದೇ ಠಾಣೆಯಲ್ಲಿ. ಲಾಯರ್ ಓದಿ ಹೇಳಿದಾಗ ಅಮ್ಮನಿಗೆ ಸಿಟ್ಟು ಬಂದದ್ದು ಖಾರದ ಪುಡಿ ವಿಷಯಕ್ಕೆ. “ಪೊಟ್ಟಣದ ಪುಡಿನಾ? ನಮ್ಮನೇಲಿ ಯಾವತ್ತು ಅಂಗಡಿ ಪುಡಿ ತಂದಿದೀವಿ? ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ಮಿಲ್ಲಿಗೆ ಹಾಕಿಸ್ತೀನಿ ನಾನು” ಅಂತ ಕೋರ್ಟಿನ ವರಾಂಡದಲ್ಲಿ ಜಗಳಕ್ಕೇ ನಿಂತಳು. ನಾನು ನಿರಪರಾಧಿ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ಮಾಡಿದ್ದಕ್ಕೆ ಸಿಕ್ಕಿಬೀಳದೆ ಮಾಡದ್ದಕ್ಕೆ ಸಿಕ್ಕಿಬಿದ್ದೆ, ಲೆಕ್ಕ ಸರಿಹೋಯಿತು ಅಂತ ಅಂದುಕೊಂಡಿದ್ದೇನೆ. ಅಜ್ಜಿಯ ಓಲೆಗೆ ಯಾವ ಸೆಕ್ಷನ್ನೂ ಬೀಳಲಿಲ್ಲವಲ್ಲ.

ಪಂಕ್ಚರ್ ಅಂಗಡಿಯ ಆ ಹುಡುಗ 2012ರಲ್ಲಿ ಸತ್ತ. ಹೆಸರು ಬರೆಯುವುದಿಲ್ಲ, ಅವನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅಣ್ಣನಿಗೆ ಹಾಕಿದ ಸ್ಕೆಚ್ಚು. ಅಣ್ಣ ಸಿಗಲಿಲ್ಲ, ಹೊರಗೆ ಗಾಡಿಗೆ ಒರಗಿ ಕಾಯುತ್ತಿದ್ದ ಇವನು ಸಿಕ್ಕ. ಅವತ್ತು ನಾನು ಅತ್ತಿಗೆಯ ಜೊತೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ, ಇಲ್ಲದಿದ್ದರೆ ಆ ಗಾಡಿಗೆ ಒರಗಬೇಕಾದವನು ನಾನು.

ಹೆಣ ಮನೆ ಮುಂದೆ ಮಲಗಿಸಿದ್ದರು. ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ದೊಡ್ಡ ಹಾರ ಹಾಕಿದರು. ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು, ಮಗು ತೊಡೆಯ ಮೇಲೆ. ಅಣ್ಣ ಬಗ್ಗಿ, ಜೇಬಿಗೆ ಕೈ ಹಾಕಿ, ಮಡಿಚಿದ ನೋಟು ತೆಗೆದು ಅವಳ ಕೈಗೆ ತುರುಕಿದರು. “ಖರ್ಚಿಗೆ ಇಟ್ಕೋಮ್ಮ.”

ಅವಳು ಅಲ್ಲೇ ಬಿಚ್ಚಿದಳು. ಎಲ್ಲರೆದುರಿಗೆ, ಬೆರಳಿಗೆ ಎಂಜಲು ಹಚ್ಚಿ, ಒಂದೊಂದಾಗಿ ಎಣಿಸಿದಳು. ಆರು ಐನೂರರ ನೋಟು. ತಲೆ ಎತ್ತಿ “ಚಟ್ಟಕ್ಕೂ ಸಾಲ್ದು” ಅಂದಳು. ಕೂಗಾಡಲಿಲ್ಲ, ಸೊಪ್ಪಿನವಳ ಹತ್ತಿರ ಚಿಲ್ಲರೆ ಕಮ್ಮಿ ಬಂತು ಅನ್ನುವ ಹಾಗೆ ಅಂದಳು. ಅಣ್ಣ ಕನ್ನಡಕ ತೆಗೆಯಲಿಲ್ಲ. ನಾವೆಲ್ಲ ನೆಲ ನೋಡುತ್ತಾ ನಿಂತೆವು.

ಹನ್ನೊಂದು ದಿನದ ಕಾರ್ಯ ಮುಗಿಸಿ ನಾನು ಸಿಮ್ ತೆಗೆದು ಮೋರಿಗೆ ಹಾಕಿದೆ. ಬಿಡುವುದು ಅಂದರೆ ಅಷ್ಟೇ. ನೀವು ಕೇಳಿರುವ ಹಾಗೆ ಯಾರೂ ಬೆನ್ನಟ್ಟಿ ಬರಲಿಲ್ಲ, ಯಾರೂ ಬೆದರಿಸಲಿಲ್ಲ. ನನ್ನ ಜಾಗಕ್ಕೆ ಮಾರನೆಯ ದಿನವೇ ಒಬ್ಬ ಹದಿನೆಂಟರವನು ಬಂದಿರುತ್ತಾನೆ. ಅಣ್ಣ ಎರಡು ವರ್ಷದಲ್ಲಿ ‘ಸಮಾಜ ಸೇವಕರು’ ಅಂತ ಫ್ಲ್ಯಾಕ್ಸಿನಲ್ಲಿ ಕೈಮುಗಿದು ನಿಂತರು. ತೊಂದರೆ ಬೇರೆ ಕಡೆ ಇತ್ತು. ನಾನು ಬಿಟ್ಟೆ ಅನ್ನುವುದು ನನಗೆ ಗೊತ್ತು, ಎದುರು ಪಾರ್ಟಿಗೆ ಗೊತ್ತಿಲ್ಲ. ಪೇಪರಿನಲ್ಲಿ ಹಾಕಿಸೋಕೆ ಬರುತ್ತದಾ? ಒಂದೂವರೆ ವರ್ಷ ಒಂದೇ ದಾರಿಯಲ್ಲಿ ಎರಡು ಸಲ ಮನೆಗೆ ಹೋಗಲಿಲ್ಲ. ಈಗಲೂ ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರೋಕೆ ಆಗುವುದಿಲ್ಲ.

ಪೊಲೀಸರಿಗಂತೂ ಗೊತ್ತೇ ಇಲ್ಲ. ಶೀಟಿಗೆ ಅದರದೇ ಕ್ಯಾಲೆಂಡರ್. ಗಣೇಶನ ಹಬ್ಬ ಬಂದರೆ ಕರೆ, ಚುನಾವಣೆ ಬಂದರೆ ಕರೆ, ಏರಿಯಾದಲ್ಲಿ ಯಾರೋ ಯಾರಿಗೋ ಹೊಡೆದರೆ ಕರೆ. 2024ರ ಜೂನ್‌ವರೆಗೆ ಇದ್ದ ಸಿಆರ್‌ಪಿಸಿಯಲ್ಲಿ 107 ಅಂದರೆ ಒಂದು ವರ್ಷದವರೆಗೆ ಶಾಂತಿ ಕಾಪಾಡುವ ಬಾಂಡು, 110 ಅಂದರೆ ಮೂರು ವರ್ಷದವರೆಗೂ ಒಳ್ಳೆಯ ನಡತೆಯ ಬಾಂಡು. ಮಾತೆತ್ತಿದರೆ “ಗೂಂಡಾ ಹಾಕ್ತೀನಿ”. ಅದು 1985ರ ಕಾಯ್ದೆ, ಹಾಕಿದರೆ ವರ್ಷದವರೆಗೆ ವಿಚಾರಣೆಯಿಲ್ಲದೆ ಒಳಗಿಡಬಹುದು. ನಮ್ಮವನೇ ಒಬ್ಬನಿಗೆ ಗಡಿಪಾರು ಮಾಡಿ ಯಾದಗಿರಿಗೆ ಕಳಿಸಿದ್ದರು. ಅವನು ಅಲ್ಲೇ ಟೀ ಅಂಗಡಿ ಇಟ್ಟು, ಅವಧಿ ಮುಗಿದ ಮೇಲೂ ವಾಪಸು ಬರಲಿಲ್ಲ. ನಮ್ಮ ಪೈಕಿ ಚೆನ್ನಾಗಿರುವವನು ಅವನೊಬ್ಬನೇ.

ರಾತ್ರಿ ಹನ್ನೆರಡಕ್ಕೆ ಬೀಟಿನವರು ಬಾಗಿಲು ಬಡಿದು ಮುಖಕ್ಕೆ ಟಾರ್ಚು ಬಿಡುತ್ತಾರೆ. ನಾನಿದ್ದೇನೆ ಅಂತ ನೋಡಿ ಹೋಗುತ್ತಾರೆ, ಅದು ಅವರ ಡ್ಯೂಟಿ. ಬೆಳಿಗ್ಗೆ ಮನೆ ಓನರ್ ಬಂದು “ನೋಡಪ್ಪ, ಬೇರೆ ಮನೆ ನೋಡ್ಕೋ” ಅನ್ನುತ್ತಾರೆ, ಅದೂ ಅವರ ತಪ್ಪಲ್ಲ. ಆರು ವರ್ಷದಲ್ಲಿ ನಾಲ್ಕು ಮನೆ. ಪೆರೇಡ್ ಅಂದರೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಕೂದಲು ಉದ್ದ ಇದ್ದವನಿಗೆ ಕತ್ತರಿ, ಟ್ಯಾಟೂ ಇದ್ದವನಿಗೆ ಫೋಟೋ, ಎಲ್ಲರಿಗೂ ಬೈಗುಳ. ‘ರೌಡಿಗಳಿಗೆ ಚಳಿ ಬಿಡಿಸಿದ ಡಿಸಿಪಿ’ ಅಂತ ಸಂಜೆ ಟೀವಿಯಲ್ಲಿ ಬರುತ್ತದೆ. ಏಪ್ರಿಲ್ ತಿಂಗಳು, ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದೆ, ಬಿಡಿಸೋಕೆ ಚಳಿ ಎಲ್ಲಿಂದ ಬರಬೇಕು. ನನ್ನ ಪಕ್ಕದಲ್ಲಿ ನಿಂತವರಿಗೆ ಅರವತ್ತೆಂಟು ವರ್ಷ, ಬೈಪಾಸ್ ಆಗಿತ್ತು. “ನಂದು ಎಂಬತ್ತೇಳರ ಶೀಟು” ಅಂದರು, ಹಳೇ ಗಾಡಿಯ ಮಾಡೆಲ್ ಹೇಳುವ ಹಾಗೆ.

307 ಕೇಸು 2014ರಲ್ಲಿ ಬಿದ್ದುಹೋಯಿತು. ಏಟು ತಿಂದವನೇ ಸಾಕ್ಷಿಕಟ್ಟೆಯಲ್ಲಿ “ಕತ್ತಲಿತ್ತು ಸ್ವಾಮಿ, ಗುರುತು ಸಿಗಲಿಲ್ಲ” ಅಂದ. ಅವನ ಎಡಗೈಯ ಮೂರು ಬೆರಳು ಮಡಿಚುವುದಿಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ ಎದುರಾದ. ಟೀ ಲೋಟ ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡಿದ್ದ. ನಾನು ಅವನ ಪಕ್ಕದಲ್ಲೇ ಟೀ ಕುಡಿದೆ. ಏನೂ ಮಾತಾಡಲಿಲ್ಲ. 399ರ ಕೇಸು ಅದಕ್ಕೂ ಎರಡು ವರ್ಷ ತೆಗೆದುಕೊಂಡಿತು. ಎರಡರಲ್ಲೂ ಖುಲಾಸೆ. ಶೀಟು ಮಾತ್ರ ಹಾಗೇ ಇತ್ತು.

2022ರಲ್ಲಿ ಹೈಕೋರ್ಟು ಈ ಶೀಟುಗಳ ಬಗ್ಗೆ ಒಂದು ತೀರ್ಪು ಕೊಟ್ಟಿತು. ತೆರೆಯುವ ಮುಂಚೆ ಮನುಷ್ಯನಿಗೆ ನೋಟಿಸು ಕೊಡಬೇಕು, ಅವನ ಮಾತು ಕೇಳಬೇಕು, ಕಾಲಕಾಲಕ್ಕೆ ಮರುಪರಿಶೀಲನೆ ಮಾಡಬೇಕು ಅಂತ. ಆ ಹೊತ್ತಿಗೆ ನಾನು ಟಾಟಾ ಏಸ್ ಸಾಮಾನು ಗಾಡಿ ಓಡಿಸುತ್ತಿದ್ದೆ. ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಗಾಡಿ ನಿಲ್ಲಿಸುವವನ ತಂಗಿ ಲಾ ಓದಿದ್ದಾಳೆ, ಅವಳು ಹೇಳಿದಳು. ಅವಳೇ ಅರ್ಜಿ ಬರೆದಳು. ಎರಡು ತೀರ್ಪಿನ ನಕಲು, ಡಿಎಲ್ಲು, ಗಾಡಿಯ ಆರ್‌ಸಿ, ಲೋನಿನ ಕಂತು ಒಂದೂ ತಪ್ಪಿಸಿಲ್ಲ ಅನ್ನುವ ಸ್ಟೇಟ್‌ಮೆಂಟು, ಮಗಳ ಸ್ಕೂಲಿನ ಫೀ ರಸೀತಿ. “ಇದ್ಯಾಕಮ್ಮ ಫೀ ರಸೀತಿ?” ಅಂದೆ. “ಇರ್ಲಿ ಅಣ್ಣ, ನೀವೂ ಮನುಷ್ಯರು ಅಂತ ಫೈಲಲ್ಲಿ ಕಾಣ್ಬೇಕಲ್ಲ” ಅಂದಳು. ಎಷ್ಟೋ ವರ್ಷದ ಮೇಲೆ ಯಾರೋ ನನ್ನನ್ನು ಅಣ್ಣ ಅಂದಿದ್ದು.

ಎಸಿಪಿ ಕಚೇರಿಗೆ ಕೊಟ್ಟೆವು. ಅಲ್ಲಿಂದ ಠಾಣೆಗೆ ವರದಿ ಕೇಳಿದರು. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಬದಲಾದರು, ಫೈಲು ಮಲಗಿತು. ಹೊಸಬರು ಬಂದರು, ಚುನಾವಣೆ ಬಂತು, ಮತ್ತೆ ಮಲಗಿತು. ನಾನು ಮಾರ್ಕೆಟ್ಟಿನ ಬೆಳಗಿನ ಲೋಡು ಇಳಿಸಿ ಹತ್ತಕ್ಕೆ ಹೋಗಿ ಬೆಂಚಿನ ಮೇಲೆ ಕೂರುವುದು, ಹನ್ನೆರಡಕ್ಕೆ ಎದ್ದು ಬರುವುದು. ಕಾಯುವ ಅಭ್ಯಾಸ ಚೆನ್ನಾಗಿತ್ತು ನನಗೆ. ವಿಚಾರಣೆಗೆ ಬಂದ ಎಸ್ಸೈ ಒಬ್ಬರು ಗಾಡಿಯ ಹಿಂಬದಿ ತಾವೇ ತೆಗೆದು ನೋಡಿದರು, ಟೊಮ್ಯಾಟೋ ಕ್ರೇಟು. “ಎಷ್ಟ್ ಉಳೀತದೆ ದಿನಕ್ಕೆ?” ಅಂತ ಕೇಳಿದರು. ಡೀಸೆಲ್ ಕಳೆದು ಎಂಟ್ನೂರು ಸಾರ್ ಅಂದೆ. ಬರೆದುಕೊಂಡರು. 2023ರ ಕೊನೆಗೆ ಠಾಣೆಯ ಕಡತ ನೋಡಿಕೊಳ್ಳುವ ರೈಟರ್ ಕರೆದು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ನಿಂದು ಕ್ಲೋಸ್ ಆಗಿದೆ, ಹೋಗು” ಅಂದರು.

ನಾನು ಹೋಗಲಿಲ್ಲ. “ಸಾರ್, ಒಂದು ಪೇಪರ್ ಕೊಟ್ರೆ...”

“ಯಾವ ಪೇಪರು?”

“ಕ್ಲೋಸ್ ಆಗಿದೆ ಅಂತ.”

ಅವರು ಈಗ ತಿರುಗಿ ನೋಡಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಆಶ್ಚರ್ಯ. “ಓಪನ್ ಮಾಡ್ದಾಗ ನಿಂಗೆ ಪೇಪರ್ ಕೊಟ್ಟಿದ್ರೇನೋ?”

ಇಲ್ಲ ಸಾರ್ ಅಂದೆ. ಮತ್ತೆ? ಅನ್ನುವ ಹಾಗೆ ಕೈ ಆಡಿಸಿದರು. ಲಾ ಓದಿದ ಹುಡುಗಿ ಆಮೇಲೆ ಆರ್‌ಟಿಐ ಹಾಕೋಣ ಅಂದಿದ್ದಾಳೆ.

2024ರ ಲೋಕಸಭೆ ಚುನಾವಣೆಗೆ ಬೆಂಗಳೂರಿನಲ್ಲಿ ಏಪ್ರಿಲ್ 26ಕ್ಕೆ ಮತದಾನ. ಅದಕ್ಕೆ ಒಂದು ತಿಂಗಳ ಮುಂಚೆ, ಬೆಳಿಗ್ಗೆ ಏಳಕ್ಕೆ, ಮಾರ್ಕೆಟ್ಟಿನಲ್ಲಿ ಕ್ರೇಟು ಇಳಿಸುತ್ತಿದ್ದಾಗ ಫೋನು. ಹೊಸ ಕಾನ್‌ಸ್ಟೇಬಲ್, ಎಳೇ ದನಿ, ಹಳೇ ಲಿಸ್ಟು ಇಟ್ಟುಕೊಂಡು ಒಂದೊಂದೇ ನಂಬರು ಒತ್ತುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು. ಹೆಸರು ಓದಿದ. ಅಪ್ಪನ ಹೆಸರು ಓದಿದ. “ನಾಳೆ ಹತ್ತು ಗಂಟೆಗೆ ಬರ್ಬೇಕಂತೆ.”

ನಂದು ಕ್ಲೋಸ್ ಆಗಿದೆ ಸಾರ್ ಅಂದೆ.

“ಅದೆಲ್ಲ ನಂಗೊತ್ತಿಲ್ಲ. ಪೇಪರ್ ಏನಾದ್ರೂ ಇದ್ರೆ ತಗೊಂಡ್ ಬನ್ನಿ.”

ಬನ್ನಿ ಅಂದ. ಬಾ ಅನ್ನಲಿಲ್ಲ. ಹೊಸಬ, ಇನ್ನೂ ಕಲಿತಿಲ್ಲ. ಲೋಡ್ ಇಳಿಸಿ ಹನ್ನೊಂದಕ್ಕೆ ಬರ್ತೀನಿ ಸಾರ್ ಅಂದೆ.